ಮೂತ್ರಪಿಂಡಕ್ಕೆ ಮಜ್ಜೆಯ ನೆರವು ಎಷ್ಟು?

ಬನಶಂಕರಿಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ ಇದು: ‘ವಾಂತಿಭೇದಿ ವಿಪರೀತವಾಗಿ ನಮ್ಮ ತಂದೆಯವರ ಕಿಡ್ನಿ ಕೆಲಸ ನಿಲ್ಲಿಸಿತ್ತು. ನಾಲ್ಕು ಸಲ ಡಯಾಲಿಸಿಸ್ ಆದ ಮೇಲೆ ಚೇತರಿಸಿಕೊಂಡಿದ್ದಾರೆ. ಮೂಳೆ ಮಜ್ಜೆಯ ಕೋಶಗಳನ್ನು ಚುಚ್ಚಿಸಿದರೆ ಕಿಡ್ನಿ ಹೊಸದರಂತಾಗುತ್ತದೆ ಎಂದು ನೆಂಟರು ಹೇಳುತ್ತಾರೆ. ನಿಜವೇ?’

ನೆಂಟರದು ಪೂರ್ತಿ ಗಾಳಿಮಾತಲ್ಲ. ಲಂಡನ್ನಿನ ವಿಜ್ಞಾನಿಗಳು ಹೆಣ್ಣು ಇಲಿಗಳಿಗೆ ಗಂಡು ಇಲಿಗಳ ಮಜ್ಜೆಯನ್ನು ಕಸಿ ಮಾಡಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡಿನಲ್ಲಿ ಮಾತ್ರ ಇರುವ ವೈ ವರ್ಣತಂತು ಆ ಹೆಣ್ಣು ಇಲಿಗಳ ಮೂತ್ರಪಿಂಡದಲ್ಲಿ ಕಾಣಿಸಿತ್ತು! ಮಜ್ಜೆಯ ಕೋಶವೇ ರಕ್ತದೊಡನೆ ಬಂದು ಕಿಡ್ನಿಯ ಕೋಶವಾಗುತ್ತದೆಂಬ ಆಸೆ ಚಿಗುರಿತು.

ಆ ಆಸೆ ಬಹಳ ಕಾಲ ಉಳಿಯಲಿಲ್ಲ. ಮಜ್ಜೆಯಿಂದ ಬಂದವುಗಳಲ್ಲಿ ಬಹುಪಾಲು ಬಿಳಿ ರಕ್ತಕಣಗಳೇ ಎಂದು 2005ರಲ್ಲಿ ತಿಳಿಯಿತು. 2008ರಲ್ಲಿ ಬಾಸ್ಟನ್ನಿನ ಹಂಫ್ರೀಸ್ ಮತ್ತು ಬಾನ್‌ವೆಂಟ್ರಿ ಅವರ ತಂಡ ಒಂದು ಜಾಣ ಉಪಾಯ ಹೂಡಿತು. ಇಲಿಯ ಮೂತ್ರಪಿಂಡದ ಸೂಕ್ಷ್ಮ ನಾಳಗಳ ಕೋಶಗಳಿಗೆ ಅಳಿಸಲಾಗದ ಗುರುತು ಹಾಕಿ, ಆಮೇಲೆ ಗಾಯ ಮಾಡಿ ನೋಡಿದರು. ಹೊರಗಿನ ಕೋಶಗಳು ಸೇರಿದ್ದರೆ ಗುರುತಿಲ್ಲದವು ಹೆಚ್ಚಬೇಕಿತ್ತು. ಹೆಚ್ಚಲಿಲ್ಲ. ಬದುಕುಳಿದ ನಾಳಕೋಶಗಳೇ ಚಪ್ಪಟೆಯಾಗಿ ಹರಡಿ, ವಿಭಜನೆಗೊಂಡು ತೆರವು ತುಂಬಿದ್ದವು. ನಿನ್ನ ತಂದೆಯವರ ಕಿಡ್ನಿಯೂ ಹೀಗೆಯೇ ತನ್ನನ್ನು ತಾನು ರಿಪೇರಿ ಮಾಡಿಕೊಂಡಿದೆ.

ಹಾಗಾದರೆ ಮಜ್ಜೆಗೆ ಕೆಲಸವಿಲ್ಲವೇ? ಉಂಟು. ಅಲ್ಲಿ ಹುಟ್ಟುವ ಭಕ್ಷಕ ಕೋಶಗಳು ಗಾಯವಾದ ಕಡೆಗೆ ಧಾವಿಸಿ, ಸತ್ತ ಕೋಶಗಳನ್ನು ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ದುರಸ್ತಿಗೆ ಪ್ರೇರಕ ರಾಸಾಯನಿಕಗಳನ್ನೂ ಸುರಿಸುತ್ತವೆ. ಕೆಲಸ ಮುಗಿದರೂ ಅಲ್ಲೇ ಠಿಕಾಣಿ ಹೂಡಿದರೆ ಮಾತ್ರ ತೊಂದರೆ, ಕಿಡ್ನಿಯಲ್ಲಿ ಕಲೆಗಟ್ಟುತ್ತದೆ.

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಮಜ್ಜೆಯ ಕೋಶಗಳಿಂದಲೇ ಔಷಧ ತಯಾರಿಸಿದೆ, ಅದಕ್ಕೆ ಸರ್ಕಾರದ ಅನುಮತಿಯೂ ಸಿಕ್ಕಿದೆ. ಆದರೆ ಅದು ಕಾಲಿನ ರಕ್ತನಾಳ ಕಟ್ಟುವ ಬರ್ಜರ್ ಕಾಯಿಲೆಗೆ ಮತ್ತು ಮಂಡಿ ಸವೆತಕ್ಕೆ, ಕಿಡ್ನಿಗಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಒಪ್ಪಿಗೆಯಿಲ್ಲದ ಕಾಯಿಲೆಗಳಿಗೆ ಇಂಥ ಕೋಶಗಳನ್ನು ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ ಬಳಸಬೇಕು. ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಮೊದಲು ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ. ತಂದೆಯವರಿಗೆ ಈಗ ಬೇಕಾದದ್ದು ಡಾಕ್ಟರು ಹೇಳಿದಾಗ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ. ಕೇಳದೆ ನೋವಿನ ಮಾತ್ರೆ ನುಂಗುವುದಂತೂ ಬೇಡ.

ಅಂದಹಾಗೆ, ಮಜ್ಜೆಗೆ ಕಿಡ್ನಿಯ ಋಣವೇ ದೊಡ್ಡದು. ಕೆಂಪು ರಕ್ತಕಣ ತಯಾರಿಸೆಂದು ಮಜ್ಜೆಗೆ ಅಪ್ಪಣೆ ಕೊಡುವ ಎರಿತ್ರೊಪೊಯೆಟಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಮೂತ್ರಪಿಂಡದಲ್ಲೇ. ಬಹುಕಾಲದ ಕಿಡ್ನಿ ರೋಗಿಗಳು ರಕ್ತಹೀನತೆಯಿಂದ ಬಿಳಿಚಿಕೊಳ್ಳುವುದು ಅದಕ್ಕೇ.