ಗುಳೆ ಹೋಗುವವರ ಮಕ್ಕಳು

ತಾಯಿತಂದೆಗಳೂ ಮಕ್ಕಳೂ ಒಂದೇ ಸೂರಿನಡಿಯಲ್ಲಿ ಉಂಡು ಮಲಗುವುದು ಮನುಷ್ಯನಿಗೆ ಅತ್ಯಂತ ಸಾಮಾನ್ಯವಾದ ಸುಖ. ಸಾಮಾನ್ಯವಾದುದರಿಂದಲೇ ಅದರ ಬೆಲೆಯನ್ನು ನಾವು ಮರೆತಿರುವೆವು. ಆದರೆ ಹೊಟ್ಟೆಯ ಪಾಡಿಗಾಗಿ ಊರು ಬಿಡುವ ಬಡವರಿಗೆ ಈ ಸುಖವು ಬೇಡಿ ಪಡೆಯತಕ್ಕ ವಸ್ತುವಾಗಿದೆ. ವಾಚಕರೇ, ಈ ತಿಂಗಳು ಅಂಥವರ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಸೀಮೆಯವರಿಗೆ ‘ಗುಳೆ’ ಎಂಬ ಮಾತನ್ನು ವಿವರಿಸಬೇಕಾದುದಿಲ್ಲ. ಇಲ್ಲಿಯ ಬೇಸಾಯದ ಬಹುಭಾಗವು ಮಳೆಯನ್ನೇ ನಂಬಿದುದು. ಮಳೆ ಹೋದರೆ ಜೋಳವೂ ಹೋಯಿತು, ಶೇಂಗಾವೂ ಹೋಯಿತು. ಆಗ ಹಳ್ಳಿಗಳಿಂದಲೂ ಲಂಬಾಣಿ ತಾಂಡಗಳಿಂದಲೂ ಜನರು ಗಂಟುಮೂಟೆ ಕಟ್ಟಿಕೊಂಡು ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ, ರಾಜ್ಯದ ಗಡಿ ದಾಟಿ ಗೋವೆಗೆ ಹೊರಡುವರು. ಹೊರಡುವ ಮುನ್ನ ಪ್ರತಿಯೊಂದು ಮನೆಯಲ್ಲಿಯೂ ಒಂದೇ ಪ್ರಶ್ನೆ: ಮಕ್ಕಳನ್ನೇನು ಮಾಡುವುದು? ಕರೆದುಕೊಂಡು ಹೋದರೆ ಶಾಲೆ ತಪ್ಪುವುದು. ಬಿಟ್ಟು ಹೋದರೆ ತಾಯಿ ತಪ್ಪುವಳು.

ಇದು ಬಡತನವು ಮಾಡುವ ಅಗಲಿಕೆ. ಇದರ ಮೇಲೆ ಅಧಿಕಾರವೂ ಕೈಯಿಕ್ಕಿ ಸಂಸಾರವನ್ನು ಸೀಳಿದರೆ ಏನಾಗುವುದೆಂಬುದಕ್ಕೆ ದೂರದ ಉದಾಹರಣೆಯೊಂದಿದೆ. 2018ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಸರಕಾರವು ಅಪ್ಪಣೆಯಿಲ್ಲದೆ ತನ್ನ ದಕ್ಷಿಣದ ಗಡಿಯನ್ನು ದಾಟಿ ಬಂದವರೆಲ್ಲರ ಮೇಲೆಯೂ ಅಪರಾಧದ ಮೊಕದ್ದಮೆ ಹೂಡಲು ನಿಶ್ಚಯಿಸಿತು. ತಾಯಿತಂದೆಗಳು ಸೆರೆಮನೆಗೆ, ಮಕ್ಕಳು ಬೇರೆ ಆಶ್ರಯಗಳಿಗೆ ಎಂದಾಯಿತು. ಕೆಲವೇ ವಾರಗಳಲ್ಲಿ 2,000ಕ್ಕೂ ಮಿಕ್ಕ ಮಕ್ಕಳು ಹೀಗೆ ಬೇರ್ಪಟ್ಟರು. ಲೋಕವೆಲ್ಲ ಛೀ ಎಂದಿತು. ಜೂನ್ 20ರಂದು ಸರಕಾರವೇ ಆ ಪದ್ಧತಿಯನ್ನು ಹಿಂತೆಗೆದುಕೊಂಡಿತು. ಜೂನ್ 26ರಂದು ಅಲ್ಲಿಯ ನ್ಯಾಯಸ್ಥಾನವು, ಐದು ವರ್ಷದೊಳಗಿನ ಮಕ್ಕಳನ್ನು 14 ದಿನಗಳಲ್ಲಿಯೂ ಉಳಿದವರನ್ನು 30 ದಿನಗಳಲ್ಲಿಯೂ ಹೆತ್ತವರಿಗೆ ಒಪ್ಪಿಸಬೇಕೆಂದು ಆಜ್ಞಾಪಿಸಿತು. ಆದರೆ ಯಾವ ಮಗು ಯಾರದೆಂಬ ಲೆಕ್ಕವನ್ನೇ ಸರಿಯಾಗಿ ಇಟ್ಟಿರಲಿಲ್ಲ! ಆದಕಾರಣ ಎಷ್ಟೋ ಮಕ್ಕಳು ಆ ಅವಧಿಯಲ್ಲಿ ತಾಯ ಮಡಿಲನ್ನು ಸೇರಲಿಲ್ಲ. ಕೆಲವರಿಗೆ ವರ್ಷಗಳೇ ಹಿಡಿದುವು. ಬೇರ್ಪಡಿಸಲು ಒಂದು ಗಳಿಗೆ ಸಾಕು. ಕೂಡಿಸಲು ವರ್ಷಗಳೂ ಸಾಲವು.

ಅದು ಪರದೇಶದ ಮಾತೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕಾಸರಗೋಡು ನಮ್ಮ ಕೊಟ್ಟೂರಿನಂತೆಯೇ ಒಂದು ಕಾಲಕ್ಕೆ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಕೊಟ್ಟೂರಿನ ಸೀಮೆಯು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂದಿತು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ಗೆರೆ ಸರಿಯಿತೇ ಹೊರತು, ಅಲ್ಲಿಯ ಕನ್ನಡಿಗರ ನಂಟಸ್ತಿಕೆ, ಉದ್ಯೋಗ, ಆಸ್ಪತ್ರೆಗಳಲ್ಲಿ ಹೆಚ್ಚಿನವು ಮಂಗಳೂರಿನಲ್ಲಿಯೇ ಉಳಿದುವು. 2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ಭಯದಿಂದ ಕರ್ನಾಟಕ ಸರಕಾರವು ಗಡಿಯ ದಾರಿಗಳನ್ನು ಮುಚ್ಚಿತು. ಕೆಲವು ಕಡೆಗಳಲ್ಲಿ ಮಣ್ಣಿನ ರಾಶಿಯನ್ನೇ ಸುರಿಯಿತು. ತಲಪಾಡಿಯ ಆಚೆ ತಡೆಯಲ್ಪಟ್ಟ ರೋಗಿಗಳಲ್ಲಿ ಕೆಲವರು ಜೀವವನ್ನೇ ನೀಗಿದರು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ತಡೆಗಳನ್ನು ತೆಗೆಯಿಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ಆ ವಾರಗಳಲ್ಲಿಯೇ ನಮ್ಮ ಸೀಮೆಯಿಂದ ಗುಳೆ ಹೋದವರು ಬೆಂಗಳೂರಿನಲ್ಲಿಯೋ ಗೋವೆಯಲ್ಲಿಯೋ ಸಿಕ್ಕಿಕೊಂಡರು. ಅವರ ಮಕ್ಕಳು ಊರಿನಲ್ಲಿ ಅಜ್ಜಿಯ ಸೆರಗು ಹಿಡಿದು ಕಾದರು. ಮೇ ತಿಂಗಳಲ್ಲಿ ಬಸ್ಸು ರೈಲುಗಳು ಹೊರಟ ಮೇಲಲ್ಲದೆ ಅವರು ಮುಖ ನೋಡಲಿಲ್ಲ.

ವ್ಯಾಧಿಯನ್ನು ತಡೆಯುವುದು ಬೇಡವೆ? ದೇಶಕ್ಕೆ ಗಡಿಯೇ ಬೇಡವೆ? ಎಂದು ಕೆಲವರು ಕೇಳಬಹುದು. ಬೇಕು. ತಡೆಯುವುದಾದರೆ ಸಂಸಾರವನ್ನು ಒಟ್ಟಾಗಿ ತಡೆಯಲಿ. ಹಿಂದಕ್ಕೆ ಕಳುಹುವುದಾದರೆ ಒಟ್ಟಾಗಿ ಕಳುಹಲಿ. ದೊಡ್ಡವರ ತಪ್ಪಿಗೆ ಕೂಸನ್ನು ದಂಡಿಸುವ ಕಾನೂನು ಯಾವ ಕಾಲದಲ್ಲಿಯೂ ಧರ್ಮವೆನಿಸಲಾರದು.

ಇನ್ನು ನಮ್ಮ ಕಾಯಿದೆಗಳನ್ನು ನೋಡೋಣ. 1979ರಲ್ಲಿ ಹೊರರಾಜ್ಯಕ್ಕೆ ಹೋಗುವ ಕೂಲಿಗಳಿಗಾಗಿ ಒಂದು ಕಾಯಿದೆಯಾಯಿತು. ಗುತ್ತಿಗೆದಾರನು ಅವರಿಗೆ ಪ್ರಯಾಣದ ವೆಚ್ಚವನ್ನೂ ವಸತಿಯನ್ನೂ ಕೊಡಬೇಕೆಂದು ಅದು ವಿಧಿಸಿತು. ಆದರೆ ಕೊಟ್ಟೂರಿನಿಂದ ಮಂಡ್ಯಕ್ಕೆ ಹೋಗುವವನು ರಾಜ್ಯದೊಳಗೇ ಇರುವನಾದುದರಿಂದ ಆ ಕಾಯಿದೆಯ ನೆರಳು ಅವನ ಮೇಲೆ ಬೀಳಲಿಲ್ಲ. 1951ರ ತೋಟದ ಕಾರ್ಮಿಕರ ಕಾಯಿದೆಯು, ಐವತ್ತು ಮಂದಿ ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಸ್ಥಳವಿರಬೇಕೆಂದಿತು. ಸಣ್ಣ ತೋಟಗಳ ಕೂಲಿಯ ಹೆಂಗಸಿಗೆ ಅದರಿಂದ ಬಂದ ಫಲವೇನು? ಕೂಸು ಗಿಡದ ನೆರಳಿನ ಜೋಲಿಯಲ್ಲಿಯೇ ಮಲಗಿತು.

ಬಹಳ ಮಂದಿ ಅರಿಯದ, ಆದರೆ ನಿಜವಾಗಿ ಪ್ರಯೋಜನಕ್ಕೆ ಬರುವ ಕಾಯಿದೆಯೆಂದರೆ 2009ರ ಶಿಕ್ಷಣದ ಹಕ್ಕಿನದು. ಆರರಿಂದ ಹದಿನಾಲ್ಕು ವರ್ಷದ ಮಗು ಊರು ಬಿಟ್ಟು ಹೋದಲ್ಲಿ ಸರಕಾರಿ ಶಾಲೆಯನ್ನು ಸೇರಬಹುದು. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡತಕ್ಕದ್ದು; ಅದು ಬರುವುದು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ನಿರಾಕರಿಸುವಂತಿಲ್ಲ. ವಲಸೆ ಬಂದ ಸಂಸಾರಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಹಾಗಾದರೆ ಶಾಲೆಯ ಸಲುವಾಗಿ ತಾಯಿಯನ್ನು ಅಗಲಲೇಬೇಕೆಂಬ ನಿರ್ಬಂಧವಿಲ್ಲ.

ಅಜ್ಜಿಯ ಬಳಿ ಮಗುವನ್ನು ಬಿಡುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಅಜ್ಜಿಯ ಕೈತುತ್ತು ತಿಂದು ಬೆಳೆದವರು ನಮ್ಮಲ್ಲಿ ಎಷ್ಟಿಲ್ಲ! ಆದರೆ ಅದು ಹೆತ್ತವರು ಮನಸಾರೆ ಆರಿಸಿಕೊಂಡ ದಾರಿಯಾಗಿರಬೇಕು. ಬೇರೆ ದಾರಿ ಕಾಣದೆ ಅತ್ತು ಬಿಟ್ಟುಹೋದುದಾಗಬಾರದು. ಊರಿನಲ್ಲಿಯೇ ಕೂಲಿ ಸಿಕ್ಕಿದರೆ ಗುಳೆಯೇ ತಪ್ಪುವುದು. ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವೆವೆಂದು ರಾಜ್ಯ ಸರಕಾರವು 2023ರಲ್ಲಿ ಸಾರಿತು. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದೆಯೆ, ತೆರೆದಿದ್ದರೆ ಬಾಗಿಲು ದಿನವೂ ತೆಗೆಯುವುದೆ ಎಂದು ವಿಚಾರಿಸುವುದು ಓದುಬರಹ ಬಲ್ಲ ಗೃಹಸ್ಥರ ಕೆಲಸ.

ನಾವು ಮಾಡಬಹುದಾದ ಬೇರೆ ಕೆಲಸಗಳೂ ಇವೆ. ನೆರೆಯವರು ಗುಳೆ ಹೊರಟಾಗ ಮಗುವಿನ ಜನನ ಪತ್ರ, ಪಡಿತರ ಚೀಟಿಯ ಪ್ರತಿ, ಶಾಲೆಯ ಪತ್ರ ಇವನ್ನು ಒಂದು ಚೀಲದಲ್ಲಿ ಹಾಕಿಕೊಡಿರಿ. ತಂದೆಯ ಹೆಸರು, ಊರು, ದೂರವಾಣಿಯ ಸಂಖ್ಯೆಗಳನ್ನು ಬರೆದ ಚೀಟಿಯೊಂದು ಮಗುವಿನ ಬಳಿಯಲ್ಲಿಯೇ ಇರಲಿ. ಅಮೆರಿಕಾದ ದೊಡ್ಡ ಸರಕಾರವು ಇಡದೆ ಹೋದ ಲೆಕ್ಕವು ಇಷ್ಟೇ ಅಲ್ಲವೆ? ನಿಮ್ಮದೇ ಹೊಸ ಮನೆಯನ್ನು ಕಟ್ಟಿಸುವಾಗ ಇಟ್ಟಿಗೆ ಹೊರುವ ತಾಯಿಯೊಡನೆ ಮಗುವಿದ್ದರೆ, ಅದಕ್ಕೆ ನೆರಳಿನ ಒಂದು ಮೂಲೆಯನ್ನು ಕೊಡಿರಿ; ಹತ್ತಿರದ ಶಾಲೆಯ ಮೇಷ್ಟರಿಗೆ ಒಂದು ಮಾತು ಹೇಳಿರಿ. ಕೂಲಿಯವನ ಕೈಯನ್ನು ಮಾತ್ರ ಕರೆಯಿಸಿಕೊಂಡು ಅವನ ಮಕ್ಕಳನ್ನು ಗಡಿಯಾಚೆ ನಿಲ್ಲಿಸುವ ಊರು ಆ ಕೈಯ ದುಡಿಮೆಯನ್ನು ಉಣ್ಣಲು ಅರ್ಹವಾದುದಲ್ಲ.