ಹಳ್ಳಿಯ ಚರಿತ್ರೆಯನ್ನು ಬರೆಯಬೇಕಾದವರು ಯಾರು?

ಅರಸುಮನೆತನಗಳ ಚರಿತ್ರೆಯನ್ನು ಕುರಿತು ಕನ್ನಡದಲ್ಲಿ ನಡೆದಷ್ಟು ಕೆಲಸ ಒಂದೊಂದು ಹಳ್ಳಿಯ ಚರಿತ್ರೆಯನ್ನು ಕುರಿತು ನಡೆದಿಲ್ಲ. ಶಾಸನವೊಂದು ದೊರೆತರೆ ಅದರಲ್ಲಿನ ರಾಜನ ಹೆಸರೂ ತೇದಿಯೂ ಚರ್ಚೆಗೆ ಬರುತ್ತವೆ. ದತ್ತಿಯ ಭೂಮಿಗೆ ಎಲ್ಲೆ ಹೇಳುವ ಕೆರೆ, ಹಳ್ಳ, ಮರ, ನೆರೆಯೂರಿನ ದಾರಿ ಇವು ಅಡಿಟಿಪ್ಪಣಿಯ ಪಾಲಾಗುತ್ತವೆ. ಊರಿನ ಚರಿತ್ರೆ ಉಳಿದಿರುವುದು ಆ ಎಲ್ಲೆಯ ಸಾಲುಗಳಲ್ಲಿಯೇ. ಈ ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳಲು ಪುಣೆಯ ಪರಿಸರದ ಎರಡು ಹಳ್ಳಿಗಳ ನಿದರ್ಶನ ಉಪಯುಕ್ತವಾಗಿದೆ.

ಮೊದಲನೆಯದು ಪುಣೆಯ ಈಶಾನ್ಯಕ್ಕಿರುವ ಲೋಣೀಕಂದ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡ ಬೆನ್ನಲ್ಲೇ ಕಂಪನಿಯ ವೈದ್ಯ ಥಾಮಸ್ ಕೋಟ್ಸ್ ಈ ಊರಿನ ಸ್ಥಿತಿಗತಿಯನ್ನು ದಾಖಲಿಸಿದನು. ಆ ಬರಹ ಮುಂಬಯಿಯ ಲಿಟರರಿ ಸೊಸೈಟಿಯ ಸಂಪುಟದಲ್ಲಿ 1823ರಲ್ಲಿ ಪ್ರಕಟವಾಯಿತು. ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ಅದೇ ಊರನ್ನು ಮತ್ತೆ ಅಭ್ಯಸಿಸಿ, ಅಂದಿನ ಮತ್ತು ಇಂದಿನ ಲೋಣೀಕಂದವನ್ನು ಹೋಲಿಸುವ ಗ್ರಂಥವನ್ನು 1960ರಲ್ಲಿ ಹೊರತಂದರು.

ಎರಡನೆಯದು ಪಿಂಪಳೆ ಸೌದಾಗರ. ಪುಣೆಯ ಕೃಷಿ ಕಾಲೇಜಿನ ಪ್ರಾಚಾರ್ಯನಾಗಿದ್ದ ಹೆರಾಲ್ಡ್ ಮ್ಯಾನ್ 1917ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಅಲ್ಲಿನ ಸರಾಸರಿ ಹಿಡುವಳಿ 1771ರಲ್ಲಿ 40 ಎಕರೆ, 1818ರಲ್ಲಿ ಹದಿನೇಳೂವರೆ ಎಕರೆ, 1915ರ ಹೊತ್ತಿಗೆ ಕೇವಲ 7 ಎಕರೆ. 156 ಮಂದಿ ಒಡೆಯರ ಭೂಮಿ 729 ತುಂಡುಗಳಾಗಿ ಹರಿದುಹೋಗಿತ್ತು. ಭಾರತದ ಹಳ್ಳಿಯು ಎಂದೂ ಬದಲಾಗದ ಪುಟ್ಟ ಗಣರಾಜ್ಯವೆಂದು 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಪ್ರತಿಪಾದಿಸಿದ್ದನಷ್ಟೆ. ಆ ಕಲ್ಪನೆಗೆ ಒಂದೇ ಊರಿನ ಈ ಲೆಕ್ಕ ತಕ್ಕ ಉತ್ತರವಾಗಿದೆ. ಇಂದು ಪಿಂಪಳೆ ಸೌದಾಗರ ಪಿಂಪರಿ-ಚಿಂಚವಾಡ ಮಹಾನಗರಪಾಲಿಕೆಯ ಒಂದು ಬಡಾವಣೆ. ಹೊಲಗಳಿದ್ದಲ್ಲಿ ಬಹುಮಹಡಿಯ ವಸತಿಗಳು ನಿಂತಿವೆ.

ಮ್ಯಾನನ ಉದ್ದೇಶ ಆರ್ಥಿಕವಾದುದು. ಹೊಲವೊಂದಕ್ಕೆ ಆ ಹೆಸರು ಏಕೆ ಬಂತು, ಊರದೇವತೆಯ ಹಬ್ಬದಲ್ಲಿ ಯಾರಿಗೆ ಯಾವ ಹಕ್ಕು, ಬರ ಬಂದ ವರ್ಷವನ್ನು ಜನ ಯಾವ ಮಾತಿನಲ್ಲಿ ನೆನೆದರು ಎಂಬ ಪ್ರಶ್ನೆಗಳು ಅಂಥ ಅಧ್ಯಯನದ ಗುರಿಯಲ್ಲ. ಇವು ಭಾಷೆಯನ್ನು ಬಲ್ಲವರು ಕೇಳಬೇಕಾದ ಪ್ರಶ್ನೆಗಳು. ಮರಾಠಿಯ 'ಬಲುತೆ'ಯನ್ನೂ ಕನ್ನಡದ 'ಆಯ'ವನ್ನೂ ಹೋಲಿಸಿದಾಗ ಎರಡು ಪದಗಳಷ್ಟೇ ಅಲ್ಲದೆ, ಕಮ್ಮಾರ, ಬಡಗಿ, ಅಗಸರಿಗೆ ಕಣದಲ್ಲಿಯೇ ಪಾಲು ಸಲ್ಲುತ್ತಿದ್ದ ಒಂದು ವ್ಯವಸ್ಥೆ ನಮ್ಮೆದುರು ನಿಲ್ಲುತ್ತದೆ. ಆದ್ದರಿಂದ ಹಳ್ಳಿಯ ಚರಿತ್ರೆ ಕನ್ನಡ ವಿಭಾಗಗಳ ಕೆಲಸವಲ್ಲವೆಂಬ ವಾದ ನಿಲ್ಲಲಾರದು.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಕಡಿಮೆಯಿಲ್ಲ. ಶಾಸನಗಳಿವೆ, ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕೈಫಿಯತ್ತುಗಳಿವೆ. ಪುಣೆ ಜಿಲ್ಲೆಯ ಇಂದಾಪುರದಲ್ಲಿ 1830ರ ದಶಕದಲ್ಲಿ ಆರಂಭವಾದ ಭೂಮಾಪನ ಪದ್ಧತಿಯೇ ಮುಂದೆ ವಿಂಗೇಟನ ಮೂಲಕ ಧಾರವಾಡ, ಬೆಳಗಾವಿಗಳಿಗೆ ಬಂದುದರಿಂದ ಅಲ್ಲಿನ ಊರುಗಳಿಗೆ ಅಳತೆಯ ದಾಖಲೆಗಳಿವೆ. ಅದಕ್ಕೂ ಹಿಂದಿನ ಪೇಶ್ವೆ ಕಾಲದ ಕಾಗದಪತ್ರಗಳು ಪುಣೆಯ ದಫ್ತರದಲ್ಲಿವೆ. ಅವು ಬಹುಪಾಲು ಮೋಡಿ ಲಿಪಿಯಲ್ಲಿವೆ. ಹಳಗನ್ನಡವನ್ನು ಓದಬಲ್ಲ ನಮ್ಮ ವಿದ್ಯಾರ್ಥಿ ಮೋಡಿಯನ್ನು ಓದಲಾರನಾದರೆ ಉತ್ತರ ಕರ್ನಾಟಕದ ಹಳ್ಳಿಗಳ ಹದಿನೆಂಟನೆಯ ಶತಮಾನ ಅವನ ಪಾಲಿಗೆ ಮುಚ್ಚಿದ ಬಾಗಿಲೇ ಸರಿ. ಸ್ನಾತಕೋತ್ತರ ತರಗತಿಯಲ್ಲಿ ಮೋಡಿಯ ಬೋಧನೆಗೆ ಅವಕಾಶ ಕಲ್ಪಿಸುವುದು ಅಗತ್ಯ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದೊಂದು ಊರನ್ನು ಆರಿಸಿಕೊಂಡು ಶಾಸನ, ದಾಖಲೆ, ಹಿರಿಯರ ನೆನಪು ಈ ಮೂರನ್ನೂ ಒಟ್ಟಿಗಿಟ್ಟು ಬರೆಯುವಂತಾಗಬೇಕು.

ಇದು ಕಾಲಕ್ಕೆ ಬಿಡಬಹುದಾದ ಕೆಲಸವಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಎಷ್ಟೋ ಊರುಗಳು ಮುಳುಗಿದವು. ಬೆಂಗಳೂರಿನ ಅಂಚಿನ ಹಳ್ಳಿಗಳು ನಗರದೊಳಗೆ ಕರಗಿದವು. ಕಾಗದ ದಫ್ತರದಲ್ಲಿ ಇನ್ನೂ ಕೆಲಕಾಲ ಕಾಯಬಹುದು. ಹೊಲದ ಹೆಸರನ್ನು ಬಲ್ಲ ಹಿರಿಯರು ಕಾಯಲಾರರು. ಪಿಂಪಳೆ ಸೌದಾಗರದ ಹೊಲಗಳು ಮರೆಯಾಗುವ ಮುನ್ನ ಅವುಗಳ ಅಳತೆಯನ್ನಾದರೂ ಒಬ್ಬನು ಬರೆದಿಟ್ಟನು. ನಮ್ಮ ಊರುಗಳಿಗೆ ಅಷ್ಟಾದರೂ ಸಲ್ಲಬೇಕು.