ಆ ಒಂದು ಪ್ರಶ್ನೆ ಕೇಳಲಿ ಬಿಡಿ

ನನ್ನ ಮಾವನ ಕಂಪ್ಯೂಟರ್ ರಿಪೇರಿ ಅಂಗಡಿ ಇರೋದು ಶಿರವಾಡದಲ್ಲಿ. ಟಿಕೆಟ್ ಮೇಲೆ ಕಾರವಾರ ಅಂತ ಇರುತ್ತಲ್ಲ, ಆ ರೈಲ್ವೆ ಸ್ಟೇಷನ್ ನಿಜವಾಗಿ ಇರೋ ಊರು. ಕಳೆದ ರಜೆಯಲ್ಲಿ ಹೋದಾಗ ಅಂಗಡಿಯಲ್ಲಿ ಒಂಬತ್ತು ಹಳೇ ಡೆಸ್ಕ್‌ಟಾಪ್‌ಗಳು ಸಾಲಾಗಿ ಕೂತಿದ್ದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಟಿಪಿಎಂ 2.0 ಇಲ್ಲದ ಹಳೇ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. "ಲಿನಕ್ಸ್ ಹಾಕಿಕೊಡ್ತೀಯಾ?" ಅಂತ ಮಾವ ಕೇಳಿದ್ದೇ ತಡ, ನನ್ನ ತಲೆಯಲ್ಲಿ ಬಲ್ಬ್ ಹೊತ್ತಿತು. ಒಂದೊಂದಾಗಿ ಕೂತು ಹಾಕೋದು ಯಾಕೆ? ಎಲ್ಲಾ ಆಟೋಮ್ಯಾಟಿಕ್ ಮಾಡೋಣ.

ಫಸ್ಟ್ ಇಯರ್‌ನವರಿಗೆ ಒಂದು ಮಾತು. ಓಎಸ್ ಹಾಕುವಾಗ ಇನ್‌ಸ್ಟಾಲರ್ ಪ್ರಶ್ನೆ ಕೇಳುತ್ತಾ ಹೋಗುತ್ತದೆ: ಯಾವ ಭಾಷೆ, ಯಾವ ಟೈಮ್ ಝೋನ್, ಪಾಸ್‌ವರ್ಡ್ ಏನು, ಯಾವ ಡಿಸ್ಕ್. ಈ ಉತ್ತರಗಳನ್ನೆಲ್ಲ ಮೊದಲೇ ಒಂದು ಫೈಲ್‌ನಲ್ಲಿ ಬರೆದಿಟ್ಟರೆ ಅದು ಯಾರನ್ನೂ ಕೇಳದೆ ತಾನೇ ಮುಗಿಸುತ್ತದೆ. ಡೆಬಿಯನ್‌ನಲ್ಲಿ ಇದಕ್ಕೆ ಪ್ರೀಸೀಡ್ ಅಂತಾರೆ, ರೆಡ್ ಹ್ಯಾಟ್‌ನಲ್ಲಿ ಕಿಕ್‌ಸ್ಟಾರ್ಟ್, ಉಬುಂಟುವಿನಲ್ಲಿ ಆಟೋಇನ್‌ಸ್ಟಾಲ್. ವಿಂಡೋಸ್‌ಗೂ ಇಂಥದ್ದೊಂದು ಆನ್ಸರ್ ಫೈಲ್ ಇದೆ.

ನಾನು ಮಾಡಿದ್ದು ನಾವೆಲ್ಲ ಅಸೈನ್‌ಮೆಂಟ್‌ನಲ್ಲಿ ಮಾಡೋದನ್ನೇ. ಡೆಬಿಯನ್‌ನವರ ಮಾದರಿ ಫೈಲ್ ಕಾಪಿ ಹೊಡೆದೆ. ಬೇರೆಯವರ ಆನ್ಸರ್ ಶೀಟ್ ನೋಡಿ ಬರೆದರೆ ಅವರ ರೋಲ್ ನಂಬರ್ ಕೂಡ ಬರುತ್ತೆ ಅಂತಾರಲ್ಲ, ಹಾಗೇ ಆಯ್ತು. ಮೊದಲ ಯಂತ್ರ ರೆಡಿಯಾದಾಗ ಅದರ ಗಡಿಯಾರ ಅಮೆರಿಕದ ಸಮಯ ತೋರಿಸುತ್ತಿತ್ತು. (ಡೆಬಿಯನ್‌ನ ಗ್ರಾಫಿಕಲ್ ಇನ್‌ಸ್ಟಾಲರ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಕಾಪಿ ಹೊಡೆದ ಫೈಲ್ ಅಮೆರಿಕನ್ ಇಂಗ್ಲಿಷ್ ಅಂತ ಮೊದಲೇ ಉತ್ತರ ಕೊಟ್ಟುಬಿಟ್ಟಿದ್ದರಿಂದ ಆ ಪಟ್ಟಿ ನನ್ನ ಕಣ್ಣಿಗೇ ಬೀಳಲಿಲ್ಲ.) ಅದನ್ನೆಲ್ಲ ಸರಿ ಮಾಡಿದೆ. ಎರಡು, ಮೂರು ಸರಾಗ.

ನಾಲ್ಕನೇದು ಅರ್ಧದಲ್ಲಿ ನಿಂತಿತು. ಅದರಲ್ಲಿ ಎರಡು ಡಿಸ್ಕ್ ಇದ್ದವು. ಒಂದೇ ಡಿಸ್ಕ್ ಇದ್ದರೆ ಡೆಬಿಯನ್ ಅದನ್ನೇ ತೆಗೆದುಕೊಳ್ಳುತ್ತದೆ. ಒಂದಕ್ಕಿಂತ ಹೆಚ್ಚಿದ್ದು, ಫೈಲ್‌ನಲ್ಲಿ ಹೆಸರು ಕೊಟ್ಟಿಲ್ಲದಿದ್ದರೆ ಯಾವುದು ಅಂತ ಕೇಳುತ್ತದೆ. ನನಗೆ ಅದು ಫೇಲ್ ಆದ ಹಾಗೆ ಕಂಡಿತು. ಟ್ರಬಲ್‌ಶೂಟಿಂಗ್ ಶುರು ಮಾಡಿದೆ. ಆಲ್ಟ್ ಎಫ್4 ಒತ್ತಿ ಲಾಗ್ ನೋಡಿದೆ, ಮಾನ್ಯುಯಲ್ ಹುಡುಕಿದೆ, ಸಿಗುವ ಡಿಸ್ಕ್‌ಗಳಲ್ಲಿ ಮೊದಲನೇದನ್ನು ತಗೋ ಅನ್ನುವ ಒಂದು ಸಾಲು ಸಿಕ್ಕಿತು. ಅದನ್ನು ಸೇರಿಸಿದೆ. "ಬದಲಾವಣೆಗಳನ್ನು ಡಿಸ್ಕ್‌ಗೆ ಬರೆಯಲಾ?" ಅನ್ನುವ ಪ್ರಶ್ನೆಗೆ ಹೌದು ಅಂತ ಮೊದಲೇ ಬರೆದಿದ್ದೆ. ನಾಲ್ಕನೇದರ ಎರಡೂ ಡಿಸ್ಕ್ ಖಾಲಿ ಇದ್ದವು, ಹಾಗಾಗಿ ನಡೀತು. ನನ್ನ ಫಿಕ್ಸ್ ಸರಿ ಅಂತ ನಾನೇ ಮಾರ್ಕ್ಸ್ ಹಾಕಿಕೊಂಡೆ.

ಆರನೇದು ಬಂದರಿನ ಬೋಟುಗಳಿಗೆ ಐಸ್ ಕೊಡುವವರೊಬ್ಬರದ್ದು. ಓಎಸ್‌ಗೆ ಸಣ್ಣ ಎಸ್‌ಎಸ್‌ಡಿ, ಲೆಕ್ಕಪತ್ರಕ್ಕೆ ಹಳೇ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿಗೆ ಮಾತ್ರ ಲಿನಕ್ಸ್ ಹಾಕಬೇಕಿತ್ತು. ಆದರೆ ಮದರ್‌ಬೋರ್ಡ್‌ನ ಮೊದಲ ಪೋರ್ಟ್‌ಗೆ ಸಿಕ್ಕಿಸಿದ್ದು ಹಾರ್ಡ್ ಡಿಸ್ಕ್ ಕೇಬಲ್. ನನ್ನ ಫೈಲ್‌ಗೆ "ಮೊದಲನೇದು" ಅಂದರೆ ಅದೇ. ನಾನು ಹೊರಗೆ ಚಾ ಕುಡಿಯುತ್ತಿದ್ದೆ.

ವಾಪಸ್ ಬಂದಾಗ ಲಾಗಿನ್ ಸ್ಕ್ರೀನ್ ನೀಟಾಗಿ ಕಾಯುತ್ತಿತ್ತು. ಲಾಗ್ ತೆಗೆದು ನೋಡಿದರೆ ಒಂದೂ ಎರರ್ ಇಲ್ಲ. ಯಾಕೆ ಇರಬೇಕು? ಅದು ನಾನು ಹೇಳಿದ್ದನ್ನೇ ಮಾಡಿತ್ತು. ಯಾವ ಬೋಟಿನವರು ಎಷ್ಟು ಬಾಕಿ ಅನ್ನುವ ಉದ್ರಿ ಲೆಕ್ಕ ಪೂರ್ತಿ ಆ ಡಿಸ್ಕ್‌ನಲ್ಲೇ ಇತ್ತು. "ಎಂತ ಮಾಡಿದ್ಯೋ?" ಅಂದರು ಮಾವ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಫೋಟೋರೆಕ್ ಹಾಕಿ ಮೂರು ದಿನ ಕೂತೆವು. ಒಂದಷ್ಟು ಶೀಟುಗಳು ಸಿಕ್ಕವು, ಆದರೆ ಫೋಟೋರೆಕ್‌ನಲ್ಲಿ ಫೈಲಿನ ಹೆಸರು ಉಳಿಯಲ್ಲ, ಬರೀ ನಂಬರ್. ಯಾವುದು ಹೊಸದು, ಯಾವುದು ಹೋದ ವರ್ಷದ್ದು ಅಂತ ಒಂದೊಂದೇ ತೆಗೆದು ನೋಡಬೇಕು. ಉಳಿದಿದ್ದಕ್ಕೆ ಅವರು ಬೋಟಿನವರನ್ನೇ ಕೇಳಬೇಕಾಯ್ತು. ಸಾಲ ಕೊಟ್ಟವರು ಸಾಲಗಾರನ ಹತ್ತಿರ ಹೋಗಿ "ನೀನು ನನಗೆ ಎಷ್ಟು ಕೊಡಬೇಕು?" ಅಂತ ಕೇಳೋದು ಹೇಗಿರುತ್ತೆ ಯೋಚಿಸಿ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಆಟೋಮ್ಯಾಟಿಕ್ ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ, ಅದನ್ನು ಮುಂದೆ ತಳ್ಳೋದು ಹೇಗೆ ಅಂತ ನೋಡೋ ಮೊದಲು ಅದು ಯಾಕೆ ನಿಂತಿದೆ ಅಂತ ಕೇಳಬೇಕು. ಕೀಬೋರ್ಡ್ ಯಾವುದು ಅಂತ ನಿಂತರೆ ಅದು ಕಿರಿಕಿರಿ, ಉತ್ತರ ಬರೆದು ಮುಗಿಸಿ. ಯಾವ ಡಿಸ್ಕ್ ಅಳಿಸಲಿ ಅಂತ ನಿಂತರೆ ಅದು ದೋಷವೇ ಅಲ್ಲ. ನಾನು ಆವತ್ತು ಟ್ರಬಲ್‌ಶೂಟ್ ಮಾಡಿದ್ದು ಸರಿಯಾಗಿ ಕೆಲಸ ಮಾಡುತ್ತಿದ್ದ ಒಂದೇ ಭಾಗವನ್ನು.

"ಕೇಳೋದಾದ್ರೆ ಆಟೋಮ್ಯಾಟಿಕ್ ಹೆಂಗಾಗುತ್ತೆ ಮಾರಾಯ? ಇನ್ನೂರು ಸರ್ವರ್ ಇದ್ರೆ?" ಅಂತ ನನ್ನ ರೂಮ್‌ಮೇಟ್ ವಾದ. ನ್ಯಾಯವಾದ ಪ್ರಶ್ನೆ. ಅಷ್ಟು ಇದ್ದಾಗ ಡಿಸ್ಕ್‌ನ ಸೀರಿಯಲ್ ನಂಬರ್ ಹಿಡಿದೇ ಹೇಳಬೇಕು, "ಮೊದಲನೇದು" ಅನ್ನಬಾರದು. ಆದರೆ ದೊಡ್ಡವರೂ ಎಡವಿದ್ದಾರೆ. 2014ರ ಮೇ ತಿಂಗಳಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ವಿಂಡೋಸ್ 7 ಇನ್‌ಸ್ಟಾಲ್ ಮಾಡುವ ಆದೇಶ ತಪ್ಪಿ ಎಲ್ಲಾ ವಿಂಡೋಸ್ ಯಂತ್ರಗಳಿಗೂ ಹೋಯಿತು. ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಸರ್ವರ್ ಯಾವುದನ್ನೂ ಬಿಡಲಿಲ್ಲ. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಆ ಆದೇಶ ಕಳಿಸಿದ ಸರ್ವರ್ ಕೂಡ ಫಾರ್ಮ್ಯಾಟ್ ಆಗಿತ್ತು! ಉಬುಂಟುವಿನವರು ಇದಕ್ಕೊಂದು ತಡೆ ಇಟ್ಟಿದ್ದಾರೆ. ಬೂಟ್ ಮಾಡುವ ಸಾಲಿನಲ್ಲಿ ಆಟೋಇನ್‌ಸ್ಟಾಲ್ ಅನ್ನುವ ಪದವನ್ನು ನೀವಾಗಿ ಸೇರಿಸದಿದ್ದರೆ, ಫೈಲ್ ಇದ್ದರೂ ಡಿಸ್ಕ್ ಮುಟ್ಟುವ ಮೊದಲು ಅದು ಮುಂದುವರಿಸಲಾ ಅಂತ ಕೇಳುತ್ತದೆ. ಯಾರೋ ಮರೆತು ಬಿಟ್ಟ ಪೆನ್‌ಡ್ರೈವ್‌ನಿಂದ ಯಂತ್ರ ಅಳಿಸಿಹೋಗಬಾರದು ಅಂತ. ಬೇಕಿದ್ದರೆ ಡಿಸ್ಕ್ ವಿಷಯವೊಂದನ್ನೇ ಮನುಷ್ಯರಿಗೆ ಬಿಡುವ ಸೌಲಭ್ಯವೂ ಇದೆ. ಇದನ್ನೆಲ್ಲ ಓದದೆ ನಾವು "ಪ್ರಶ್ನೆ ಬರದ ಹಾಗೆ ಮಾಡೋದು ಹೇಗೆ" ಅಂತ ಮಾತ್ರ ಹುಡುಕುತ್ತೇವೆ.

ಮಾವನ ಅಂಗಡಿಯಿಂದ ಸ್ಟೇಷನ್ ಹತ್ತಿರ ಅಂದೆನಲ್ಲ. ಕೊಂಕಣ ರೈಲ್ವೆಯಲ್ಲಿ ಸಿಗ್ನಲ್ ಏನೇ ಹೇಳಲಿ, ಮಳೆಗಾಲದಲ್ಲಿ ವೇಗ ಇಳಿಸಿ ಬೇರೆ ವೇಳಾಪಟ್ಟಿ ಹಾಕುತ್ತಾರೆ, ಗುಡ್ಡ ಕುಸಿಯುವ ಜಾಗಗಳಲ್ಲಿ ಹಳಿ ಮೇಲೆ ಜನ ನಡೆದು ಕಾವಲು ಕಾಯುತ್ತಾರೆ. ಇಡೀ ದಾರಿಯಲ್ಲಿ ಅಲ್ಲ, ಕುಸಿಯುವ ಕಡೆ. ಇನ್‌ಸ್ಟಾಲ್‌ನಲ್ಲಿ ಕುಸಿಯುವ ಕಡೆ ಇರೋದು ಒಂದೇ, ಡಿಸ್ಕ್. ನಮ್ಮ ಲ್ಯಾಬ್‌ನ ಅರವತ್ತು ಯಂತ್ರಗಳಿಗೂ ಒಂದೊಂದು ಎಂಟರ್ ಒತ್ತುತ್ತಾ ಹೋದರೆ ಎಷ್ಟು ಹೊತ್ತಾಗುತ್ತೆ? ಒಂದು ಬ್ರೇಕ್ ಟೈಮ್ ಹೋಗಬಹುದು. ಹೋಗಲಿ.

ಉಳಿದ ಮೂರು ಯಂತ್ರಗಳಿಗೂ ಅದೇ ಫೈಲ್ ಬಳಸಿದೆ, ಆ ಎರಡು ಸಾಲು ತೆಗೆದು. ಮಾವ ನನ್ನ ಫೈಲ್ ನಂಬಲಿಲ್ಲ. ಇನ್‌ಸ್ಟಾಲ್ ಶುರುವಾಗುವ ಮೊದಲು ಡೇಟಾ ಡಿಸ್ಕ್‌ನ ಕೇಬಲ್ ಕಿತ್ತು, ಡಿಸ್ಕನ್ನು ತಮ್ಮ ಮೇಜಿನ ಡ್ರಾಯರ್‌ನಲ್ಲಿಟ್ಟು ಬೀಗ ಹಾಕಿದರು.